ತೇಲು–ಮುಳುಗು ಪ್ರಯೋಗದ ಲೆಕ್ಕ ತಾಳೆಯಾಗದಿದ್ದರೆ: ದೋಷ ಹುಡುಕುವ ಕ್ರಮ

ಆರ್ಕಿಮಿಡೀಸ್ ತತ್ತ್ವದ ಪ್ರಯೋಗಕ್ಕೆ ಪ್ರೌಢಶಾಲೆಯಲ್ಲಿ ಬೇಕಾಗುವ ಸಾಮಾನು ಐದಾರೇ: ಸ್ಪ್ರಿಂಗ್ ತ್ರಾಸು, ಮೂತಿಯಿರುವ ಯುರೇಕಾ ಕ್ಯಾನ್ (ತುಂಬಿ ಹೆಚ್ಚಾದ ನೀರು ಮೂತಿಯಿಂದ ಹೊರಬೀಳುವ ಡಬ್ಬಿ), ಬೀಕರ್, ಅಳತೆ ಜಾಡಿ, ದಾರ, ಒಂದು ಲೋಹದ ಗುಂಡು. ನೀರಿನಲ್ಲಿ ಮುಳುಗಿಸಿದಾಗ ಗುಂಡಿನ ತೂಕ ಎಷ್ಟು ಇಳಿದಂತೆ ಕಾಣುತ್ತದೋ, ಅದು ಹೊರತಳ್ಳಿದ ನೀರಿನ ತೂಕವೂ ಅಷ್ಟೇ ಇರಬೇಕು. ಮೇಜಿನ ಮೇಲೆ ಹಾಗಾಗುವುದಿಲ್ಲ. ತ್ರಾಸಿನಲ್ಲಿ ಇಳಿದದ್ದು 30 ಗ್ರಾಂ, ಬೀಕರಿಗೆ ಬಿದ್ದದ್ದು 18. ಕೊನೆಗೆ ರೆಕಾರ್ಡ್ ಪುಸ್ತಕದಲ್ಲಿ ಎರಡೂ ಕಡೆ 24 ಎಂದು ಕೂರುತ್ತದೆ.

ಆ 30 ಮತ್ತು 18 ಇದ್ದದ್ದು ಇದ್ದಹಾಗೇ ಪುಸ್ತಕದಲ್ಲಿರಲಿ. ವ್ಯತ್ಯಾಸ ಎಷ್ಟು, ಯಾವ ಕಡೆಗೆ ಎಂಬ ಎರಡೇ ಪ್ರಶ್ನೆಯಿಂದ ದೋಷ ಎಲ್ಲಿದೆಯೆಂದು ಹೆಚ್ಚುಕಡಿಮೆ ಗುರುತಿಸಬಹುದು. ತಿದ್ದಿ ಬರೆದ 24ರಿಂದ ಏನೂ ತಿಳಿಯದು.

ಗುಂಡು ಚಿಕ್ಕದು, ಗುರುತುಗಳು ದಪ್ಪ

ನೀರು ಮುಟ್ಟುವ ಮೊದಲೇ ಒಂದು ಲೆಕ್ಕ ಹಾಕಿ. 200 ಗ್ರಾಂನ ಹಿತ್ತಾಳೆ ಗುಂಡು ಎಂದುಕೊಳ್ಳಿ. ಹಿತ್ತಾಳೆಯ ಸಾಂದ್ರತೆ ಒಂದು ಘನ ಸೆಂ.ಮೀ.ಗೆ ಸುಮಾರು 8.5 ಗ್ರಾಂ. ಅಂದರೆ ಗುಂಡಿನ ಗಾತ್ರ 23.5 ಮಿ.ಲೀ., ನೀರಿನಲ್ಲಿ ಇಳಿಯಬೇಕಾದ ತೂಕ 23.5 ಗ್ರಾಂ. ನಿಮ್ಮ ತ್ರಾಸು 500 ಗ್ರಾಂನದಾಗಿದ್ದು, 10 ಗ್ರಾಂಗೆ ಒಂದು ಗೆರೆ ಇದ್ದರೆ, ನೀವು ಅಳೆಯಬೇಕಾದದ್ದು ಎರಡು ಗೆರೆಯ ಮೇಲೆ ಸ್ವಲ್ಪ ಅಷ್ಟೆ. ಕಣ್ಣು ಅರ್ಧ ಗೆರೆ ಆಚೀಚೆಯಾದರೂ 5 ಗ್ರಾಂ ಹೋಯಿತು. ಐದನೇ ಒಂದು ಪಾಲು ತಪ್ಪು ಅಲ್ಲೇ ಬಂತು.

ಅದೇ ತ್ರಾಸಿಗೆ 250 ಗ್ರಾಂನ ಗ್ರಾನೈಟ್ ತುಂಡು ಕಟ್ಟಿ ನೋಡಿ. ಗ್ರಾನೈಟಿನ ಸಾಂದ್ರತೆ ಸುಮಾರು 2.65, ಹಾಗಾಗಿ ಗಾತ್ರ 94 ಮಿ.ಲೀ. ಆಸುಪಾಸು. ತ್ರಾಸು 250ರಿಂದ 156ಕ್ಕೆ ಇಳಿಯುತ್ತದೆ, ಒಂಬತ್ತು ಗೆರೆಗಿಂತ ಹೆಚ್ಚು. ಅರ್ಧ ಗೆರೆಯ ತಪ್ಪು ಈಗ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಲೋಹದ ಗುಂಡು ನೋಡಲು ಚೆಂದ, ಈ ಪ್ರಯೋಗಕ್ಕೆ ಮಾತ್ರ ಕಲ್ಲೇ ವಾಸಿ. ಗಾತ್ರ ದೊಡ್ಡದಿದ್ದಷ್ಟೂ ನೀರಿನ ಮೇಲ್ಮುಖ ಬಲ ಹೆಚ್ಚು, ಅಳೆಯುವುದು ಸುಲಭ.

ಕಲ್ಲು ಆರಿಸುವಾಗ ಒಂದು ಎಚ್ಚರ: ಇಟ್ಟಿಗೆ ಚೂರು ಬೇಡ, ಕರಾವಳಿಯಲ್ಲಿ ಕೈಗೆ ಮೊದಲು ಸಿಗುವ ಮುರಕಲ್ಲೂ ಬೇಡ. ಎರಡೂ ನೀರು ಕುಡಿಯುತ್ತವೆ. ಮುಳುಗಿಸಿ ಕೈ ಅಲ್ಲಾಡಿಸದೆ ಹಿಡಿದಿದ್ದರೂ ತ್ರಾಸಿನ ಮುಳ್ಳು ನಿಧಾನಕ್ಕೆ ಹೆಚ್ಚಿನ ತೂಕದ ಕಡೆ ಸರಿಯುತ್ತಿದ್ದರೆ ಕಾರಣ ಇದೇ. ಬೇರೆ ಕಲ್ಲಿಲ್ಲದಿದ್ದರೆ ರಾತ್ರಿಯಿಡೀ ನೆನೆಹಾಕಿ, ಮೇಲಿನ ನೀರು ಒರೆಸಿ, ಆ ಸ್ಥಿತಿಯಲ್ಲೇ ಗಾಳಿಯಲ್ಲಿನ ತೂಕ ತೆಗೆದುಕೊಳ್ಳಿ.

ಕ್ಯಾನಿನ ಮೂತಿ

ಹೆಚ್ಚಿನ ನೀರು ಕಳೆದುಹೋಗುವುದು ಇಲ್ಲಿ. ಕ್ಯಾನಿನ ಬಾಯಿ 8 ಸೆಂ.ಮೀ. ಅಗಲವಿದ್ದರೆ ನೀರಿನ ಮೇಲ್ಮೈ ಸುಮಾರು 50 ಚದರ ಸೆಂ.ಮೀ. ಮಟ್ಟ ಒಂದೇ ಮಿ.ಮೀ. ಆಚೀಚೆಯಾದರೆ 5 ಮಿ.ಲೀ. ಲೆಕ್ಕ ತಪ್ಪುತ್ತದೆ. ಹಿತ್ತಾಳೆ ಗುಂಡಿನ 23.5ರಲ್ಲಿ 5 ಹೋದರೆ ಉಳಿಯುವುದು 18.5. ಮೇಲೆ ಹೇಳಿದ 18 ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ.

ಮಟ್ಟ ಒಂದು ಮಿ.ಮೀ. ತಪ್ಪುವುದು ಹೇಗೆಂದು ನೋಡಬೇಕಾದರೆ ಕಣ್ಣನ್ನು ಮೂತಿಯ ಎತ್ತರಕ್ಕೇ ತನ್ನಿ. ಒಣ ಕ್ಯಾನಿಗೆ ನಿಧಾನವಾಗಿ ನೀರು ಹಾಕುತ್ತಾ ಹೋಗಿ. ನೀರು ಮೂತಿಯ ಒಳತುದಿಗೆ ಬಂದು ನಿಲ್ಲುತ್ತದೆ, ಹರಿಯುವುದಿಲ್ಲ. ಇನ್ನಷ್ಟು ಹಾಕಿದರೆ ಅಂಚಿನಲ್ಲಿ ಗುಂಡಗೆ ಉಬ್ಬುತ್ತದೆ. ಇನ್ನೂ ಸ್ವಲ್ಪ ಹಾಕಿದಾಗ ಆ ಉಬ್ಬು ಒಮ್ಮೆಲೇ ಒಡೆದು ಮೂತಿಯುದ್ದಕ್ಕೂ ಓಡುತ್ತದೆ, ಬೀಕರಿಗೆ ಧಾರೆ ಬೀಳುತ್ತದೆ, ಮತ್ತೆ ಕ್ಯಾನಿನ ಮಟ್ಟ ಮೊದಲಿಗಿಂತ ಕೆಳಗಿಳಿದ ಮೇಲೇ ನಿಲ್ಲುತ್ತದೆ. ನೀರಿನ ಮೇಲ್ಮೈ ಎಳೆತದ ಆಟ ಇದು. ಉಬ್ಬು ಒಡೆಯುವ ಮಟ್ಟ ಬೇರೆ, ಹರಿವು ನಿಲ್ಲುವ ಮಟ್ಟ ಬೇರೆ. ‘ಮೂತಿಯ ಮಟ್ಟದವರೆಗೆ ನೀರು ತುಂಬಿ’ ಎಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಉಬ್ಬು ಒಡೆಯುವ ಮುಂಚೆಯೇ ನಿಲ್ಲಿಸಿದವರ ಆರಂಭದ ಮಟ್ಟ ಹರಿವು ನಿಲ್ಲುವ ಮಟ್ಟಕ್ಕಿಂತ ಕೆಳಗಿದ್ದರೆ, ಕಲ್ಲು ತಳ್ಳಿದ ನೀರಿನಲ್ಲಿ ಒಂದಷ್ಟು ಕ್ಯಾನಿನೊಳಗೇ ಉಳಿಯುತ್ತದೆ.

ಪರಿಹಾರ ಹೀಗೆ. ಮೂತಿಯ ಕೆಳಗೆ ಬೇರೊಂದು ಪಾತ್ರೆ ಇಟ್ಟು, ನೀರು ಧಾರಾಳವಾಗಿ ಹೊರಗೆ ಹರಿಯುವಷ್ಟು ತುಂಬಿ. ಧಾರೆ ಹನಿಯಾಗಿ, ಹನಿ ನಿಂತು, ಅರ್ಧ ನಿಮಿಷದಲ್ಲಿ ಒಂದೂ ಬೀಳದಿದ್ದಾಗ ತೂಕ ಮಾಡಿದ ಬೀಕರನ್ನು ಇಡಿ. ಕಲ್ಲು ಇಳಿಸಿದ ಮೇಲೂ ಅದೇ ಅರ್ಧ ನಿಮಿಷದ ನಿಯಮ. ಆರಂಭ, ಕೊನೆ ಎರಡೂ ‘ಹರಿದು ನಿಂತ’ ಮಟ್ಟವೇ ಆಗಿರಬೇಕು. ಮೂತಿಯೊಳಗೆ ಬೆರಳಾಡಿಸಿ ಮೊದಲೇ ಒದ್ದೆ ಮಾಡಿಕೊಂಡರೆ ಹರಿವು ಸಲೀಸು. ಇಷ್ಟಾದರೂ ಪ್ರತಿ ಸಲ ಬೇರೆ ಬೇರೆ ಅಂಕಿ ಬಂದರೆ ಕ್ಯಾನಿಗೆ ಪಾತ್ರೆ ತೊಳೆಯುವ ಸೋಪು ದ್ರಾವಣ ಒಂದು ಹನಿ ಹಾಕಿ. ಮೇಲ್ಮೈ ಎಳೆತ ಗಣನೀಯವಾಗಿ ತಗ್ಗುತ್ತದೆ, ಸಾಂದ್ರತೆ ಗೊತ್ತಾಗುವಷ್ಟು ಬದಲಾಗುವುದಿಲ್ಲ. ನೊರೆ ಬರುವಷ್ಟು ಕಲಕಬೇಡಿ.

ಗಿಂಡಿಯಿಂದ ನೀರು ನಿಧಾನಕ್ಕೆ ಬಗ್ಗಿಸಿದಾಗ ಮೂತಿಯ ಅಡಿಯಿಂದ ಹೊಟ್ಟೆಗೆ ಅಂಟಿಕೊಂಡು ಇಳಿಯುತ್ತದಲ್ಲ, ಕ್ಯಾನಿನಲ್ಲೂ ಅದಾಗುತ್ತದೆ. ಕ್ಯಾನಿನ ಹೊರಮೈ ಮುಟ್ಟಿ ನೋಡಿ. ಒದ್ದೆಯಿದ್ದರೆ ಬೀಕರಿಗೆ ಬರಬೇಕಾದದ್ದು ಮೇಜಿಗೆ ಹೋಗಿದೆ. ಮೂತಿಯ ತುದಿಯ ಕೆಳಭಾಗಕ್ಕೆ ಚೂರು ವ್ಯಾಸಲೀನ್ ಸವರಿದರೆ ನೀರು ಅಂಟುವುದಿಲ್ಲ.

ತಪ್ಪು ಯಾವ ಕಡೆಗೆ?

ತೂಕದ ಇಳಿಕೆ ಹೆಚ್ಚು, ನೀರು ಕಡಿಮೆ ಬಂದಿದ್ದರೆ ಅನುಮಾನ ಎರಡರ ಮೇಲೆ. ಒಂದು, ಮೇಲೆ ಹೇಳಿದ ಮೂತಿ. ಇನ್ನೊಂದು, ಕಲ್ಲು ತಳಕ್ಕೋ ಗೋಡೆಗೋ ತಾಗಿ ಅದರ ಭಾರವನ್ನು ಕ್ಯಾನು ಹೊತ್ತಿದೆ. ಯಾವುದೆಂದು ತಿಳಿಯಲು ಕಲ್ಲನ್ನು ನೀರೊಳಗೇ ಒಂದು ಸೆಂ.ಮೀ. ಎತ್ತಿ. ಪೂರ್ತಿ ಮುಳುಗಿರುವವರೆಗೆ ಆಳ ಎಷ್ಟಾದರೂ ತ್ರಾಸಿನ ಅಂಕಿ ಬದಲಾಗಕೂಡದು. ಬದಲಾದರೆ ತಾಗುತ್ತಿತ್ತು. ಬದಲಾಗದಿದ್ದರೆ ಮೂತಿಗೆ ಹೋಗಿ.

ನೀರೇ ಹೆಚ್ಚು ಬಂದಿದ್ದರೆ ಕಾರಣ ಸಾಮಾನ್ಯವಾಗಿ ಅವಸರ: ಹನಿ ನಿಲ್ಲುವ ಮೊದಲೇ ಬೀಕರ್ ಇಟ್ಟದ್ದು, ಕಲ್ಲನ್ನು ಇಳಿಸುವ ಬದಲು ಬಿಟ್ಟದ್ದು. ಅಲೆಯೆದ್ದರೆ ಮಟ್ಟಕ್ಕಿಂತ ಹೆಚ್ಚಿನ ನೀರು ಹಾರಿಹೋಗುತ್ತದೆ, ಅದು ವಾಪಸು ಬರದು. ಎರಡನೇ ಸಲ ಮಾಡುವಾಗ ಬೀಕರಿನ ಗೋಡೆಯಲ್ಲಿ ಉಳಿದ ಹನಿಗಳೂ ಒಂದೆರಡು ಗ್ರಾಂ ಸೇರಿಸುತ್ತವೆ. ಒರೆಸಿ ಅಥವಾ ಹಾಗೇ ಮತ್ತೆ ತೂಕ ಮಾಡಿ. ಬೆಳಿಗ್ಗೆ ಬರೆದಿಟ್ಟ ಒಣ ಬೀಕರಿನ ತೂಕವನ್ನೇ ಕಳೆಯಬೇಡಿ.

ಎರಡೂ ಒಂದಕ್ಕೊಂದು ತಾಳೆಯಾಗಿ, ಕಲ್ಲಿನ ಗಾತ್ರ ಮಾತ್ರ ನಿರೀಕ್ಷೆಗಿಂತ ಜಾಸ್ತಿ ಬಂದರೆ ಕಲ್ಲಿನ ಮೈಗೆ ಅಂಟಿದ ಗಾಳಿಗುಳ್ಳೆ ನೋಡಿ. ಗುಳ್ಳೆಯೂ ನೀರನ್ನು ತಳ್ಳುತ್ತದೆ, ಗುಳ್ಳೆಗೂ ಮೇಲ್ಮುಖ ಬಲವಿದೆ. ಆದ್ದರಿಂದ ತತ್ತ್ವ ಕೆಡುವುದಿಲ್ಲ, ಗಾತ್ರ ಕೆಡುತ್ತದೆ. ದಪ್ಪ ಹತ್ತಿದಾರಕ್ಕೂ ಇದೇ ಮಾತು; ನೈಲಾನ್ ದಾರ ಬಳಸಿ.

ಮುಳ್ಳು ಸೊನ್ನೆಯಲ್ಲಿ ನಿಲ್ಲದ ತ್ರಾಸನ್ನು ಎಲ್ಲರೂ ಮೊದಲು ಬೈಯುತ್ತಾರೆ, ಆದರೆ ಈ ಪ್ರಯೋಗದಲ್ಲಿ ಅದು ನಿರಪರಾಧಿ. ಖಾಲಿಯಿದ್ದಾಗ 10 ತೋರಿಸಿದರೆ ಗಾಳಿಯಲ್ಲೂ ನೀರಲ್ಲೂ 10 ಹೆಚ್ಚು ತೋರಿಸುತ್ತದೆ, ಕಳೆದಾಗ ಹೋಗುತ್ತದೆ. ಕಳೆದರೂ ಹೋಗದ ತಪ್ಪೆಂದರೆ ಹಿಗ್ಗಿ ಸೋತ ಸ್ಪ್ರಿಂಗು. 100, 200 ಗ್ರಾಂ ಬಟ್ಟು ಒಂದೊಂದಾಗಿ ತೂಗುಹಾಕಿ ನೋಡಿ. ಪ್ರತಿ ನೂರಕ್ಕೆ ಮುಳ್ಳು ಸರಿಯಾಗಿ ನೂರು ಸರಿಯದಿದ್ದರೆ ಆ ತ್ರಾಸು ಬದಿಗಿಡಿ. ಚಪ್ಪಟೆ ಮೈಯ ತ್ರಾಸನ್ನು ಓರೆ ಹಿಡಿದರೆ ಮುಳ್ಳು ಉಜ್ಜಿ ಅರ್ಧದಲ್ಲೇ ನಿಲ್ಲುತ್ತದೆ. ಓದುವ ಮುನ್ನ ಉಗುರಿನಿಂದ ಮೆಲ್ಲಗೆ ತಟ್ಟಿ.

ಇನ್ನು ‘ನಮ್ಮೂರ ಬೋರ್‌ವೆಲ್ ನೀರು ಗಡಸು, ಅದಕ್ಕೇ ಹೀಗೆ’ ಎಂಬ ಸಬೂಬು. ಲೀಟರಿಗೆ 1 ಗ್ರಾಂ ಲವಣ ಕರಗಿದ್ದರೂ ಸಾಂದ್ರತೆ ಬದಲಾಗುವುದು ಸಾವಿರದಲ್ಲಿ ಒಂದು ಪಾಲಿನಷ್ಟು. ಬಿಸಿಲಿನ ತೊಟ್ಟಿಯಲ್ಲಿ 40 ಡಿಗ್ರಿಗೆ ಕಾದ ನೀರಿನ ಸಾಂದ್ರತೆ 0.992, ನೂರಕ್ಕೆ ಒಂದು ಪಾಲೂ ಕಡಿಮೆಯಾಗಿಲ್ಲ. 10 ಗ್ರಾಂ ಗೆರೆಯ ತ್ರಾಸಿಗೆ ಇದೆಲ್ಲ ಕಾಣುವುದೇ ಇಲ್ಲ.

ಕ್ಯಾನನ್ನೇ ಬಿಟ್ಟು ಅಳೆಯುವುದು

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಕ್ಕರೆ ಮೂತಿಯ ಗೊಡವೆಯೇ ಬೇಡ. 500 ಮಿ.ಲೀ. ಬೀಕರಿನಲ್ಲಿ 350 ಮಿ.ಲೀ. ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಕಲ್ಲನ್ನು ಸ್ಪ್ರಿಂಗ್ ತ್ರಾಸಿನಿಂದ ತೂಗುಬಿಟ್ಟು, ತಳದಿಂದ ಎರಡು ಸೆಂ.ಮೀ. ಮೇಲೆ ಪೂರ್ತಿ ಮುಳುಗುವಂತೆ ಹಿಡಿಯಿರಿ. ತ್ರಾಸು 250ರಿಂದ 156ಕ್ಕೆ ಇಳಿದಾಗ ಕೆಳಗಿನ ತಕ್ಕಡಿ 94 ತೋರಿಸುತ್ತದೆ. ನೀರು ಕಲ್ಲನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ತಳ್ಳುತ್ತದೆ. ತಕ್ಕಡಿ ತೋರಿಸುವುದು ಅದನ್ನೇ. ಮೇಲಿನ ಅಂಕಿ, ಕೆಳಗಿನ ಅಂಕಿ ಕೂಡಿದರೆ ಯಾವಾಗಲೂ 250 ಬರಬೇಕು. ಕಲ್ಲು ತಳ ತಾಗಿದಾಗಲೂ ಮೊತ್ತ 250ಕ್ಕೇ ಬರುತ್ತದೆ ಎಂಬುದು ನೆನಪಿರಲಿ, ಹಾಗಾಗಿ ತಾಗಿಲ್ಲವೆಂದು ಕಣ್ಣಿಂದಲೇ ಖಚಿತಪಡಿಸಿಕೊಳ್ಳಬೇಕು.

ಇಲ್ಲಿನ ದೋಷಗಳು ಸಣ್ಣವು. ಎರಡು ನಿಮಿಷ ಮುಟ್ಟದಿದ್ದರೆ ಕೆಲವು ತಕ್ಕಡಿಗಳು ತಾವಾಗಿ ಆರಿ, ಮಾಡಿಟ್ಟ ಸೊನ್ನೆ ಕಳೆದುಕೊಳ್ಳುತ್ತವೆ. ಫ್ಯಾನ್ ಗಾಳಿಗೆ ಅಂಕಿ ಕುಣಿಯುತ್ತದೆ. ದಾರ ಬೀಕರಿನ ಅಂಚಿಗೆ ತಾಗಿದರೂ ಲೆಕ್ಕ ಕೆಡುತ್ತದೆ. ಅದೇ ಬೀಕರಿಗೆ 60 ಗ್ರಾಂನ ತೇಗದ ತುಂಡು ತೇಲಬಿಡಿ, ತಕ್ಕಡಿ 60 ತೋರಿಸುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ತಳ್ಳುತ್ತದೆಯೆಂದು ಹೇಳಲು ಇದಕ್ಕಿಂತ ಚುಟುಕಾದ ದಾರಿ ಇಲ್ಲ.

ತುಳುಕಿದ ನೀರಿನಿಂದ ಕಿರೀಟದ ಚಿನ್ನ ಪರೀಕ್ಷಿಸಿದ ಕಥೆ ನಮಗೆ ಸಿಕ್ಕಿರುವುದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್‌ನಿಂದ, ಆರ್ಕಿಮಿಡೀಸ್ ತೀರಿಕೊಂಡು ಇನ್ನೂರು ವರ್ಷದಷ್ಟು ಕಾಲ ಕಳೆದ ಮೇಲೆ. ಆ ವಿಧಾನ ತೀರಾ ಒರಟು, ಆರ್ಕಿಮಿಡೀಸನಂಥವನು ವಸ್ತುವನ್ನು ನೀರಿನಲ್ಲೇ ತೂಗಿರಬೇಕು ಎಂದು 1586ರಲ್ಲೇ ಗೆಲಿಲಿಯೋ ವಾದಿಸಿ, ಅದಕ್ಕೊಂದು ತಕ್ಕಡಿಯನ್ನೂ ವಿವರಿಸಿದ. ಕ್ಯಾನಿನ ಮೂತಿಯೊಡನೆ ಒಂದು ಪೀರಿಯಡ್ ಹೆಣಗಿದವರಿಗೆ ಅವನ ಮಾತು ಬೇಗ ಅರ್ಥವಾಗುತ್ತದೆ.

ಉಪ್ಪುನೀರಿನ ಸುತ್ತು

ಪ್ರಯೋಗದ ಎರಡನೇ ಭಾಗದಲ್ಲಿ ಗಾಢ ಉಪ್ಪುನೀರು ಬರುತ್ತದೆ. ಇಲ್ಲಿ ಕೇಳಿಬರುವ ದೂರು: ‘ಎರಡೂ ಸಲ ಅಷ್ಟೇ ನೀರು ಬಂತು, ವ್ಯತ್ಯಾಸವೇ ಇಲ್ಲ.’ ಹೊರಬಿದ್ದ ನೀರನ್ನು ಅಳತೆ ಜಾಡಿಗೆ ಸುರಿದು ಮಿ.ಲೀ. ಓದಿದ್ದಾರೆ. ಮಿ.ಲೀ. ಅಷ್ಟೇ ಬರಬೇಕು, ಕಲ್ಲಿನ ಗಾತ್ರ ಬದಲಾಗಿಲ್ಲವಲ್ಲ! ಬದಲಾಗುವುದು ಅಷ್ಟು ಮಿ.ಲೀ.ಯ ತೂಕ. ಬರೀ ನೀರಿನಲ್ಲಿ ಮಿ.ಲೀ., ಗ್ರಾಂ ಒಂದೇ ಆದ್ದರಿಂದ ಮೊದಲ ಸುತ್ತಿನಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಉಪ್ಪುನೀರನ್ನು ತೂಗಲೇಬೇಕು.

100 ಗ್ರಾಂ ನೀರಿಗೆ 25 ಗ್ರಾಂ ಉಪ್ಪು ಕರಗಿಸಿದರೆ ಸಾಂದ್ರತೆ ಸುಮಾರು 1.15. 94 ಮಿ.ಲೀ. ಕಲ್ಲಿಗೆ ತೂಕದ ಇಳಿಕೆ 94ರಿಂದ 108ಕ್ಕೆ ಏರುತ್ತದೆ, ಒಂದು ಗೆರೆಗಿಂತ ಸ್ವಲ್ಪ ಹೆಚ್ಚು, ಕಣ್ಣಿಗೆ ಕಾಣುತ್ತದೆ. ಹಿತ್ತಾಳೆ ಗುಂಡಿಗೆ ಏರುವುದು ಮೂರೂವರೆ ಗ್ರಾಂ, ದೇವರಾಣೆಗೂ ಕಾಣದು.

ಮುಳುಗಿಯೇ ಇರುವ ಮೊಟ್ಟೆ

ತಾಜಾ ಮೊಟ್ಟೆಯ ಸಾಂದ್ರತೆ 1.08ರಿಂದ 1.09. ಒಂದು ಲೋಟ, ಅಂದರೆ 200 ಮಿ.ಲೀ. ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿದರೆ ಸುಮಾರು 12 ಗ್ರಾಂ ಆಯಿತು, ಸಾಂದ್ರತೆ 1.04ರ ಹತ್ತಿರ. ಮೊಟ್ಟೆ ಏಳುವುದಿಲ್ಲ. ಬೇಕಾದದ್ದು 30 ಗ್ರಾಂ. ಕಲ್ಲುಪ್ಪಾದರೆ ಚಮಚದ ಲೆಕ್ಕ ನಂಬಬೇಡಿ, ಹರಳುಗಳ ನಡುವೆ ಸಂದು ಇರುತ್ತದೆ, ತೂಗಿ ಹಾಕಿ. ಬಿಸಿನೀರಿನಲ್ಲಿ ಉಪ್ಪು ಬೇಗ ಕರಗುತ್ತದೆ, ಹೆಚ್ಚು ಕರಗುವುದಿಲ್ಲ.

ಮೊಟ್ಟೆ ಲೋಟದ ನಡುವೆ ನೇತುಬಿದ್ದಂತೆ ನಿಂತರೆ ಉಪ್ಪು ಕಲೆತಿಲ್ಲ: ಕೆಳಗೆ ಗಾಢ, ಮೇಲೆ ಸಪ್ಪೆ. ಮೊಟ್ಟೆ ತೆಗೆದು, ತಳದವರೆಗೆ ಕಲಕಿ ಮತ್ತೆ ಬಿಡಿ. ಬರೀ ನೀರಿನಲ್ಲೇ ತೇಲಿದರೆ ಮೊಟ್ಟೆ ಹಳತು. ಚಿಪ್ಪಿನ ರಂಧ್ರಗಳಿಂದ ತೇವ ಆರಿ, ದಪ್ಪ ತುದಿಯಲ್ಲಿ ಗಾಳಿಯ ಗೂಡು ದೊಡ್ಡದಾಗಿರುತ್ತದೆ. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಕೆಲದಿನ ಕಳೆದದ್ದು ದಪ್ಪ ತುದಿ ಮೇಲೆ ಮಾಡಿ ನಿಲ್ಲುತ್ತದೆ. ತೇಲಿದ್ದನ್ನು ತರಗತಿಯಲ್ಲಿ ಒಡೆಯಬೇಡಿ.

ಮೊಟ್ಟೆ ತರಲಾಗದ ಕಡೆ ಸಿಪ್ಪೆ ಸುಲಿಯದ ಸಣ್ಣ ಆಲೂಗಡ್ಡೆ ಸಾಕು, ಅದರ ಸಾಂದ್ರತೆಯೂ 1.08ರ ಸುತ್ತಮುತ್ತ. ಭತ್ತದ ಬಿತ್ತನೆ ಬೀಜ ಆರಿಸುವ ರೈತರು ಇದೇ ಮೊಟ್ಟೆಯನ್ನು ಅಳತೆಗೋಲು ಮಾಡಿಕೊಂಡಿದ್ದಾರೆ: ಮೊಟ್ಟೆ ತೇಲುವವರೆಗೆ ನೀರಿಗೆ ಉಪ್ಪು ಹಾಕಿ, ಆಮೇಲೆ ಭತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ.

ಮುಳುಗಬೇಕಾದದ್ದು ತೇಲಿದರೆ

ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ಹಾಕಿದರೆ ಮುಳುಗಬೇಕು ಎನ್ನುತ್ತಾರೆ, ತೇಲುತ್ತದೆ. ಅಲ್ಯೂಮಿನಿಯಂ ಸಾಂದ್ರತೆ 2.7 ನಿಜ, ಆದರೆ ಮುದ್ದೆಯ ಬಹುಪಾಲು ಗಾಳಿ. 30 ಸೆಂ.ಮೀ. ಚೌಕದ, 11 ಮೈಕ್ರಾನ್ ದಪ್ಪದ ಹಾಳೆ ಸುಮಾರು 2.7 ಗ್ರಾಂ ತೂಗುತ್ತದೆ. ಉಂಡೆಯ ಗಾತ್ರ 2.7 ಮಿ.ಲೀ.ಗಿಂತ ಕಡಿಮೆಯಾದರೆ ಮಾತ್ರ ಮುಳುಗೀತು, ಅಂದರೆ ಅಡ್ಡಳತೆ 17 ಮಿ.ಮೀ.ಗಿಂತ ಕಿರಿದಾಗಬೇಕು. ಬೆರಳಲ್ಲಿ ಹಿಚುಕಿ ಅಷ್ಟಾಗುವುದು ಕಷ್ಟ. ಮಡಿಚಿ ಮಡಿಚಿ ಸುತ್ತಿಗೆಯಿಂದ ಬಡಿಯಿರಿ.

ಗುಂಡುಸೂಜಿ ‘ತೇಲುತ್ತದೆ’ ಎಂದು ಪಟ್ಟಿಗೆ ಸೇರಿದ್ದರೆ ನೀರಿಗೆ ಒಂದು ಹನಿ ಸೋಪು ಹಾಕಿ. ಮುಳುಗಿದರೆ ಅದನ್ನು ಎತ್ತಿ ಹಿಡಿದಿದ್ದದ್ದು ಮೇಲ್ಮೈ ಎಳೆತ, ಪಟ್ಟಿಯಿಂದ ತೆಗೆಯಿರಿ. ಸುಲಿದ ಕಿತ್ತಳೆಯೂ ತೇಲಿದರೆ ತೊಳೆಗಳ ನಡುವಿನ ಗಾಳಿ ಕಾರಣ, ಒಂದೊಂದೇ ತೊಳೆ ಬಿಡಿಸಿ ಹಾಕಿ.

ಜೇಡಿಯ ದೋಣಿ ಮುಳುಗುವುದು ಹೆಚ್ಚಾಗಿ ಗೋಡೆ ಗಿಡ್ಡವಾಗಿರುವುದರಿಂದ. 100 ಗ್ರಾಂ ಜೇಡಿ ತೇಲಬೇಕಾದರೆ 100 ಮಿ.ಲೀ. ನೀರು ತಳ್ಳಬೇಕು. ಉಂಡೆಯಾಗಿದ್ದಾಗ ಅದರ ಗಾತ್ರ ಅಳೆಯಿರಿ, 60 ಮಿ.ಲೀ. ಬಂತೆನ್ನಿ. ದೋಣಿಯ ಒಳಗೆ ಕನಿಷ್ಠ 40 ಮಿ.ಲೀ. ಹಿಡಿಯುವಷ್ಟು ಟೊಳ್ಳು ಇರಲೇಬೇಕು, ಸಮಾಧಾನವಾಗಿ ತೇಲಲು 70–80 ಇರಲಿ. ದೋಣಿಗೆ ನೀರು ತುಂಬಿ ಅಳತೆ ಜಾಡಿಗೆ ಸುರಿದರೆ ತಿಳಿಯುತ್ತದೆ. ಟೊಳ್ಳು ಸಾಕಷ್ಟಿದ್ದೂ ಮುಳುಗಿದರೆ ಒಂದು ಕಡೆ ಗೋಡೆ ದಪ್ಪವಿದೆ, ವಾಲಿ ನೀರು ನುಗ್ಗುತ್ತಿದೆ.

ಬಾಟಲಿಯೊಳಗಿನ ಮುಳುಗುಗಾರ

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಪೆನ್ನಿನ ಮುಚ್ಚಳ, ಅದರ ಕ್ಲಿಪ್ಪಿಗೆ ಅಂಟಿಸಿದ ಜೇಡಿ. ಬಾಟಲಿ ಹಿಚುಕಿದರೆ ಮುಚ್ಚಳದೊಳಗಿನ ಗಾಳಿ ಕುಗ್ಗಿ, ನೀರು ಒಳಸೇರಿ, ಅದು ಮುಳುಗುತ್ತದೆ, ಬಿಟ್ಟರೆ ಏಳುತ್ತದೆ. ಹಾಕಿದೊಡನೆ ತಳ ಸೇರಿ ಮೇಲೇಳದಿದ್ದರೆ ಪೆನ್ನಿನ ಮುಚ್ಚಳದ ತುದಿ ನೋಡಿ. ಮಕ್ಕಳು ನುಂಗಿದರೂ ಉಸಿರಾಡಲಿ ಎಂದು ಅಲ್ಲೊಂದು ತೂತು ಇಟ್ಟಿರುತ್ತಾರೆ, ಗಾಳಿ ಅಲ್ಲಿಂದ ಹೋಗಿದೆ. ಜೇಡಿಯಿಂದ ಮುಚ್ಚಿ. ಎಷ್ಟು ಹಿಚುಕಿದರೂ ಮುಳುಗದಿದ್ದರೆ ಬಾಟಲಿಯನ್ನು ಕಂಠದವರೆಗೆ ತುಂಬಿಲ್ಲ, ಇಲ್ಲವೇ ಜೇಡಿ ಸಾಲದು. ಮೊದಲು ಲೋಟದಲ್ಲಿ ತೇಲಿಸಿ, ತುದಿ ಎರಡು ಮೂರು ಮಿ.ಮೀ. ಮಾತ್ರ ಮೇಲೆ ಕಾಣುವವರೆಗೆ ಜೇಡಿ ಸೇರಿಸಿ.

ಸಂಜೆ ಚೆನ್ನಾಗಿ ಆಡುತ್ತಿದ್ದದ್ದು ಬೆಳಿಗ್ಗೆ ತಳ ಹಿಡಿದಿದ್ದರೆ ಬಾಟಲಿಯನ್ನು ಅರ್ಧ ಗಂಟೆ ಬಿಸಿಲಿಗಿಡಿ. ತಾನಾಗಿ ಎದ್ದರೆ ರಾತ್ರಿಯ ತಂಪಿಗೆ ಗಾಳಿ ಕುಗ್ಗಿತ್ತು. ಏಳದಿದ್ದರೆ ಒಂದಷ್ಟು ಗಾಳಿ ನೀರಿನಲ್ಲಿ ಕರಗಿದೆ ಅಥವಾ ಬಾಟಲಿ ಮಗುಚಿದಾಗ ಗುಳ್ಳೆಯಾಗಿ ಹೊರಟುಹೋಗಿದೆ. ಹೊರತೆಗೆದು ನೀರು ಕೊಡವಿ ಮತ್ತೆ ಲೋಟದ ಪರೀಕ್ಷೆಯಿಂದ ಶುರುಮಾಡಿ.